ಎಂಟಕ್ಷರದ ಹುಕುಂ

ಕಲಬುರಗಿಯಲ್ಲಿ ಐವಾನ್-ಎ-ಶಾಹಿ ಎಂಬ ಹೆಸರನ್ನು ದಿನಕ್ಕೆ ಹತ್ತು ಸಲ ಆಡುವವರುಂಟು. ಅದರ ಅರ್ಥವನ್ನು ಯೋಚಿಸುವವರು ವಿರಳ. ಆಟೋದವನಿಗೆ ಅದೊಂದು ನಿಲ್ಲುವ ಜಾಗ. ಪತ್ರಿಕೆಯವರಿಗೆ ಮಂತ್ರಿಗಳು ಬಂದಿಳಿಯುವ ಸರಕಾರಿ ಅತಿಥಿಗೃಹ. ನನಗಂತೂ ಹನ್ನೊಂದು ವರ್ಷಗಳಿಂದ ಬಾಡಿಗೆ ಮನೆಯ ವಿಳಾಸ. ಐವಾನ್ ಎಂಬುದು ಪಾರಸಿಯ ಮಾತು. ಮೊಗಸಾಲೆ, ಓಲಗಶಾಲೆ ಎಂದು ಕನ್ನಡದಲ್ಲಿ ಹೇಳಬಹುದು. ಶಾಹಿ ಎಂದರೆ ಅರಸನಿಗೆ ಸೇರಿದ್ದು. ಹೈದರಾಬಾದಿನ ನಿಜಾಮರು ಇತ್ತ ಬಂದಾಗ ತಂಗುತ್ತಿದ್ದ ಮಂದಿರದ ಹೆಸರು ಅದು. ಅರಸೊತ್ತಿಗೆ 1948ರಲ್ಲಿ ಮುಗಿಯಿತು, ಹೆಸರು ಮಾತ್ರ ಬೀದಿಗೆ ಅಂಟಿಕೊಂಡು ಉಳಿಯಿತು. ಇಂಥ ಸ್ಥಳದಲ್ಲಿ ವಾಸ ಮಾಡುವವನಿಗೆ ಹುಕುಂ ಎಂಬ ಶಬ್ದ ತಾನಾಗಿ ನೆನಪಾಗುವುದು ಸಹಜ. ನಾನು ಈಗ ಹೇಳಹೊರಟಿರುವುದೂ ಹುಕುಮಿನ ಕಥೆಯೇ. ಆದರೆ ನಿಜಾಮರ ಹುಕುಮಿನದಲ್ಲ, ಗಣಕಯಂತ್ರಕ್ಕೆ ನಾವು ಬೆರಳ ತುದಿಯಿಂದ ಕೊಡುವ ಹುಕುಮಿನದು.

ಕಳೆದ ವರ್ಷದ ಮಾತು. ಮರುದಿನವೇ ಕೊಡಬೇಕಾಗಿದ್ದ ಪ್ರಶ್ನಪತ್ರಿಕೆಯನ್ನು ಭಾನುವಾರ ಕುಳಿತು ಬೆರಳಚ್ಚು ಮಾಡುತ್ತಿದ್ದೆ. ಅರ್ಧಕ್ಕೆ ಬಂದಾಗ ಮೌಸ್ ಸತ್ತಿತು. ಅಲುಗಿಸಿದೆ, ಕುಟ್ಟಿದೆ, ಊದಿದೆ. ಪರದೆಯ ಮೇಲಿನ ಬಾಣ ಕದಲಲಿಲ್ಲ. ಬರೆದುದನ್ನು ಉಳಿಸುವುದು ಹೇಗೆ, ಮುದ್ರಿಸುವುದು ಹೇಗೆ ಎಂದು ಕೈ ಕಟ್ಟಿ ಕುಳಿತಿರುವಾಗ ನಮ್ಮ ಕಾಲೇಜಿನ ಬಿ.ಎ. ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿ ಬಂದ. ಕಮಲಾಪುರದ ಕಡೆಯ ಹುಡುಗ. ಅವನೂರಿನ ಕೆಂಪು ಬಾಳೆಹಣ್ಣು ನಾಡಿಗೆಲ್ಲ ಗೊತ್ತಿರತಕ್ಕದ್ದು. ಅವನ ಚೀಲದಲ್ಲಿ ಯಾವಾಗಲೂ ನಾಲ್ಕಾರು ಹಣ್ಣು ಇದ್ದೇ ಇರುತ್ತವೆ. ಹುಟ್ಟಿನಿಂದ ಅವನಿಗೆ ಕಣ್ಣು ಕಾಣದು. ನನ್ನ ಗೋಳನ್ನು ಕೇಳಿ ಅವನಿಗೆ ನಗು ಬಂದಿತು.

"ಮೌಸ್ ಯಾಕ ಬೇಕ್ರಿ ಸರ? ನಾ ಒಂದು ದಿನಾನೂ ಅದನ್ನ ಮುಟ್ಟಿಲ್ಲ ನೋಡ್ರಿ" ಎಂದ.

ಕುರ್ಚಿಯನ್ನು ಅವನಿಗೆ ಬಿಟ್ಟುಕೊಟ್ಟೆ. ಕೀಲಿಮಣೆಯ ಮೇಲೆ ಎರಡು ತೋರುಬೆರಳುಗಳನ್ನು ಸವರಿ, ಎಫ್ ಮತ್ತು ಜೆ ಕೀಲಿಗಳ ಮೇಲಿನ ಸಣ್ಣ ಉಬ್ಬುಗಳನ್ನು ಹುಡುಕಿಕೊಂಡ. ಆ ಉಬ್ಬುಗಳು ಅಲ್ಲಿವೆಯೆಂಬುದೇ ಇಪ್ಪತ್ತು ವರ್ಷ ಬೆರಳಚ್ಚು ಮಾಡಿದ ನನಗೆ ತಿಳಿದಿರಲಿಲ್ಲ. ಕಂಟ್ರೋಲ್ ಮತ್ತು ಎಸ್ ಒತ್ತಿದ, ಬರಹ ಉಳಿಯಿತು. ಜೇಬಿನಿಂದ ಪೆನ್ ಡ್ರೈವ್ ತೆಗೆದು ಚುಚ್ಚಿ, ವಿಂಡೋಸ್ ಗುರುತಿನ ಕೀಲಿಯ ಜೊತೆ ಆರ್ ಒತ್ತಿ, ಏನೋ ಬೆರಳಚ್ಚಿಸಿದ, ಯಂತ್ರ ಮಾತಾಡತೊಡಗಿತು. ಮತ್ತೆ ಅದೇ ಎರಡು ಕೀಲಿ. ಈ ಸಲ 'ಡಿ-ಇ-ವಿ-ಎಂ-ಜಿ-ಎಂ-ಟಿ, ಚುಕ್ಕೆ, ಎಂ-ಎಸ್-ಸಿ' ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಒತ್ತಿದ. ಯಂತ್ರಕ್ಕೆ ಜೋಡಿಸಿದ ಉಪಕರಣಗಳ ಪಟ್ಟಿ ತೆರೆಯಿತು. ಬಾಣದ ಕೀಲಿಯಿಂದ ಒಂದೊಂದಾಗಿ ಇಳಿಯುತ್ತ ಹೋದ, ಯಂತ್ರ ಒಂದೊಂದರ ಹೆಸರು ಹೇಳುತ್ತ ಹೋಯಿತು. "ಮೌಸ್ ಇಲ್ಲೇ ಇಲ್ಲರಿ ಸರ. ವೈರ್ ನೋಡ್ರಿ" ಎಂದ. ಮೇಜಿನ ಹಿಂದೆ ಬಗ್ಗಿ ನೋಡಿದೆ. ಇಲಿಯ ತಂತಿಯನ್ನು ಇಲಿಯೇ ಕಡಿದಿತ್ತು!

ಆಮೇಲೆ ನಡೆದ ಇನ್ನೊಂದು ಸಂಗತಿಯುಂಟು. ಅದನ್ನು ಮುಂದೆ ಹೇಳುತ್ತೇನೆ. ಆ ಹೊತ್ತಿಗೆ ನನ್ನನ್ನು ಹಿಡಿದದ್ದು ಆ ವಿಚಿತ್ರ ಅಕ್ಷರಗಳು. ಡಿ-ಇ-ವಿ-ಎಂ-ಜಿ-ಎಂ-ಟಿ: ಇದು ಯಾವ ಭಾಷೆ? ಇಂಗ್ಲಿಷಿನ 'ಡಿವೈಸ್ ಮ್ಯಾನೇಜ್‌ಮೆಂಟ್' ಇದರೊಳಗೆ ಅಡಗಿದೆಯೆಂದು ಹುಡುಗ ಹೇಳಿದ ಮೇಲೆ ತಿಳಿಯಿತು. ಸ್ವರಗಳನ್ನೆಲ್ಲ ಯಾರು ನುಂಗಿದರು? ಕನ್ನಡದ ಮೇಷ್ಟರಿಗೆ ಇಂಥ ಪ್ರಶ್ನೆ ಹುಟ್ಟಿದರೆ ಸುಲಭವಾಗಿ ಬಿಡುವುದಿಲ್ಲ.

ಗಣಕಗಳ ಕೀಲಿಮಣೆಗೆ ಹಿರಿಯಜ್ಜ ಟೆಲಿಟೈಪ್ ಯಂತ್ರ. ತಂತಿಯ ಒಂದು ಕೊನೆಯಲ್ಲಿ ಒತ್ತಿದ ಅಕ್ಷರವನ್ನು ಇನ್ನೊಂದು ಕೊನೆಯಲ್ಲಿ ಕಾಗದದ ಮೇಲೆ ಮೂಡಿಸುವ ಬೆರಳಚ್ಚು ಯಂತ್ರವದು. 1963ರಲ್ಲಿ ಅಮೆರಿಕದಲ್ಲಿ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡುವ ಆಸ್ಕಿ ಎಂಬ ಸಂಕೇತಪಟ್ಟಿ ಹೊರಬಂದಿತು. ಅದರಲ್ಲಿ ಅಕ್ಷರಗಳ ಜೊತೆಗೆ ಅಚ್ಚಾಗದ ಕೆಲವು ಅಪ್ಪಣೆಗಳೂ ಇದ್ದವು: ಸಾಲು ಕೆಳಗಿಳಿಸು, ಕಾಗದ ಮುಂದೆ ತಳ್ಳು, ಗಂಟೆ ಬಾರಿಸು. ಅಪ್ಪಣೆಗೊಂದೊಂದು ಕೀಲಿ ಇಟ್ಟರೆ ಮಣೆ ಬಲು ದೊಡ್ಡದಾಗುತ್ತದೆ. ಆದುದರಿಂದ ಕಂಟ್ರೋಲ್ ಎಂಬ ಒಂದೇ ಕೀಲಿಯನ್ನಿಟ್ಟು, ಅದನ್ನು ಹಿಡಿದು ಅಕ್ಷರವನ್ನೊತ್ತಿದರೆ ಆ ಅಕ್ಷರದ ಸಂಖ್ಯೆಯಿಂದ 64 ಕಳೆದು ಬರುವಂತೆ ಮಾಡಿದರು. ಜಿ ಅಕ್ಷರದ ಸಂಖ್ಯೆ 71. ಅದರಲ್ಲಿ 64 ಕಳೆದರೆ 7. ಏಳನೆಯ ಅಪ್ಪಣೆ ಗಂಟೆ. ಕಂಟ್ರೋಲ್ ಹಿಡಿದು ಜಿ ಒತ್ತಿದರೆ ದೂರದ ಊರಿನ ಯಂತ್ರದಲ್ಲಿ ನಿಜವಾದ ಗಂಟೆ ಠಣ್ಣೆನ್ನುತ್ತಿತ್ತು. ಇಂದು ನಾವು ಉಳಿಸು, ಅಚ್ಚಿಸು ಎನ್ನಲು ಒತ್ತುವ ಕಂಟ್ರೋಲ್ ಆ ಗಂಟೆಯ ಕೀಲಿಯ ವಂಶಕ್ಕೆ ಸೇರಿದ್ದು.

ಬೆರಳಚ್ಚಿಸಿದ ಮಾತನ್ನೇ ಅಪ್ಪಣೆಯೆಂದು ಎಣಿಸಿ ನಡೆಸುವ ಪದ್ಧತಿ ಬಲಿತದ್ದೂ ಆ ಕಾಲದಲ್ಲಿಯೇ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ 1961ರಲ್ಲಿ ಒಂದೇ ಗಣಕವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ತೋರಿಸಿದರು. ಅಲ್ಲಿಗೆ ಬಂದಿದ್ದ ಲೂಯಿ ಪೂಜ಼ಾಂ ಎಂಬ ಫ್ರೆಂಚರು ಹಲವು ಅಪ್ಪಣೆಗಳನ್ನು ಕಟ್ಟುಕಟ್ಟಿ ಒಂದೇ ಮಾತಿನಿಂದ ನಡೆಸುವ ಉಪಾಯವನ್ನು ಹೂಡಿದರು. ಅಪ್ಪಣೆಯನ್ನು ಕೇಳಿಸಿಕೊಂಡು ಒಳಗೆ ಮುಟ್ಟಿಸುವ ಕ್ರಮವಿಧಿಗೆ 'ಶೆಲ್', ಅಂದರೆ ಚಿಪ್ಪು, ಎಂಬ ಹೆಸರನ್ನಿಟ್ಟವರೂ ಅವರೇ. ಹಳೆಯ ದೇವಡಿಗಳಲ್ಲಿ ಅರ್ಜಿ ಹಿಡಿದು ಬಂದವನು ನೇರವಾಗಿ ಒಳಗೆ ಹೋಗುವಂತಿರಲಿಲ್ಲ; ಬಾಗಿಲಲ್ಲಿ ನಿಂತವನಿಗೆ ಹೇಳಬೇಕು, ಅವನು ಒಳಗೆ ಮುಟ್ಟಿಸಬೇಕು. ಚಿಪ್ಪಿಗಿಂತ ಚೋಪದಾರನೆಂಬ ಹೆಸರು ಇದಕ್ಕೆ ಹೆಚ್ಚು ಒಪ್ಪುತ್ತಿತ್ತೆಂದು ನನಗೆ ತೋರುತ್ತದೆ.

1969ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದರು. ಅವರ ಮುಂದಿದ್ದ ಟೆಲಿಟೈಪು ಕ್ಷಣಕ್ಕೆ ಹತ್ತು ಅಕ್ಷರಗಳನ್ನು ಮಾತ್ರ ಅಚ್ಚಿಸಬಲ್ಲದು. ಕೀಲಿಗಳೋ, ಕುಟ್ಟಿ ಒತ್ತಬೇಕಾದ ಜಡ ಕೀಲಿಗಳು. ಅಂದಮೇಲೆ ಮಾತು ಮೊಟಕಾಗದೆ ಇದ್ದೀತೆ? ನಕಲು ಮಾಡಲು 'ಸಿ-ಪಿ', ಸರಿಸಲು 'ಎಂ-ವಿ', ಪಟ್ಟಿ ತೋರಿಸಲು 'ಎಲ್-ಎಸ್'. 'ಕ್ರಿಯೇಟ್' ಎಂಬ ಪದದ ಕೊನೆಯ 'ಇ' ಅಕ್ಷರವನ್ನೂ ಅವರು ಬಿಟ್ಟರು. ಯುನಿಕ್ಸನ್ನು ಮತ್ತೆ ಕಟ್ಟುವುದಾದರೆ ಏನನ್ನು ಬದಲಿಸುವಿರಿ ಎಂದು ಕೇಳಿದವರಿಗೆ, ಆ 'ಇ'ಯನ್ನು ಸೇರಿಸುತ್ತೇನೆ ಎಂದು ಥಾಂಪ್ಸನ್ ಉತ್ತರಿಸಿದರೆಂದು ಪ್ರಸಿದ್ಧಿ.

ನನ್ನ ಹುಡುಗ ಒತ್ತಿದ ಅಕ್ಷರಗಳ ಗುಟ್ಟು ಮಾತ್ರ ಬೇರೆ ಮನೆತನದ್ದು. 1974ರಲ್ಲಿ ಗ್ಯಾರಿ ಕಿಲ್ಡಾಲ್ ಎಂಬವರು ಸಣ್ಣ ಗಣಕಗಳಿಗಾಗಿ ರೂಪಿಸಿದ ಸಿ.ಪಿ.ಎಂ. ವ್ಯವಸ್ಥೆಯಲ್ಲಿ ಯಾವ ಕಡತಕ್ಕೂ ಎಂಟಕ್ಷರಕ್ಕಿಂತ ಉದ್ದದ ಹೆಸರಿಡುವಂತಿರಲಿಲ್ಲ. ಚುಕ್ಕೆಯ ಮುಂದೆ ಜಾತಿ ತಿಳಿಸಲು ಇನ್ನೂ ಮೂರಕ್ಷರ. 1981ರಲ್ಲಿ ಐ.ಬಿ.ಎಂ. ಗಣಕದೊಡನೆ ಬಂದ ಡಾಸ್ ಅದೇ ಕಟ್ಟಳೆಯನ್ನು ಅನುಸರಿಸಿತು. ಎಂಟಕ್ಷರ ಕೇಳಿ ನನಗೆ ಅನುಷ್ಟುಪ್ಪು ನೆನಪಾಯಿತು. ಅದರ ಪಾದಕ್ಕೂ ಎಂಟೇ ಅಕ್ಷರ. ಆದರೆ ಕವಿ ಎಂಟರೊಳಗೆ ಅರ್ಥ ತುಂಬುತ್ತಾನೆ, ಇವರು ಸ್ವರ ಕಿತ್ತು ಹಾಕಿದರು. 'ಮ್ಯಾನೇಜ್‌ಮೆಂಟ್' ಎಂಬುದು ಎಂ-ಜಿ-ಎಂ-ಟಿ ಆಯಿತು, 'ಮ್ಯಾನೇಜರ್' ಎಂಬುದು ಎಂ-ಜಿ-ಆರ್ ಆಯಿತು, 'ವ್ಯೂವರ್' ಎಂಬುದು ವಿ-ಡಬ್ಲ್ಯೂ-ಆರ್. ಯಂತ್ರದಲ್ಲಿ ನಡೆದ ಘಟನೆಗಳ ದಿನಚರಿಯನ್ನು ತೆರೆಯುವ 'ಇವೆಂಟ್‌ವಿಡಬ್ಲ್ಯೂಆರ್' ಎಣಿಸಿದರೆ ಸರಿಯಾಗಿ ಎಂಟು. ಡಿಸ್ಕುಗಳನ್ನು ಹಂಚುವ ಉಪಕರಣದ ಹೆಸರೂ ಎಂಟು. 1995ರಲ್ಲಿ ವಿಂಡೋಸ್ 95 ಬಂದು ಹೆಸರು 255 ಅಕ್ಷರಗಳವರೆಗೆ ಬೆಳೆಯಲು ಎಡೆಯಾಯಿತು. ವಿಂಡೋಸ್ ಕೀಲಿಯೊಡನೆ ಆರ್ ಒತ್ತಿ 'ರನ್' ಎಂಬ ಕಿರುಕಿಟಕಿಯನ್ನು ತೆರೆಯುವ ರೂಢಿಯೂ ಅಲ್ಲಿಂದಲೇ. ಕಟ್ಟಳೆ ಹೋದರೂ ಮೊಟಕು ಹೆಸರುಗಳು ಹೋಗಲಿಲ್ಲ. ಅರಸು ಹೋದ ಮೇಲೂ ಐವಾನ್-ಎ-ಶಾಹಿ ಉಳಿದಂತೆ.

ಸ್ವರವಿಲ್ಲದ ಈ ಬರಹ ನಮ್ಮ ಭಾಗದವರಿಗೆ ಹೊಸದೇನೂ ಅಲ್ಲ. ನನ್ನ ಅಜ್ಜ ಮನೆಯಲ್ಲಿ ಕನ್ನಡ ಆಡುತ್ತಿದ್ದವರು, ಶಾಲೆಯಲ್ಲಿ ಉರ್ದು ಕಲಿತವರು. ನಿಜಾಮರ ಆಳಿಕೆಯಲ್ಲಿ ದಫ್ತರದ ಭಾಷೆ ಉರ್ದು. ಹೊಲದ ತಕರಾರಿಗೂ ಅರ್ಜಿ ಉರ್ದುವಿನಲ್ಲಿಯೇ ಆಗಬೇಕು. ಉರ್ದು ಬರಹದಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಹುಕುಂ ಎಂಬುದನ್ನು ಹ-ಕ-ಮ ಎಂಬ ಮೂರು ವ್ಯಂಜನಗಳಲ್ಲಿ ಬರೆಯುತ್ತಾರೆ. ಬಲ್ಲವನು ಸ್ವರ ತುಂಬಿಕೊಂಡು ಓದುತ್ತಾನೆ. ಅಜ್ಜ ಇದ್ದಿದ್ದರೆ ಎಂ-ಜಿ-ಎಂ-ಟಿಯನ್ನು ನನಗಿಂತ ಬೇಗ ಓದುತ್ತಿದ್ದರೋ ಏನೋ. ಪರಭಾಷೆಯ ಮೊಟಕು ಅಕ್ಷರಗಳನ್ನು ಬಾಯಿಪಾಠ ಮಾಡಿ, ಅಧಿಕಾರದ ಬಾಗಿಲು ತೆರೆಸಿಕೊಳ್ಳುವ ವಿದ್ಯೆಯನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು.

ಇನ್ನು ಮೌಸಿನ ಸಂಗತಿ. ಡಗ್ಲಸ್ ಎಂಗೆಲ್‌ಬರ್ಟ್ ಅದನ್ನು ಸಾರ್ವಜನಿಕವಾಗಿ ತೋರಿಸಿದ್ದು 1968ರ ಡಿಸೆಂಬರ್ 9ರಂದು. ಅದರ ಮಹಿಮೆಯನ್ನು ಎಲ್ಲರೂ ಬಲ್ಲರು, ಬೆಳೆಸುವುದು ಬೇಡ. ಮೌಸ್ ಬಂದ ಮೇಲೂ ಕೀಲಿಯ ಅಪ್ಪಣೆಗಳು ಹಿಂದೆ ಸರಿಯಲಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ. ಕತ್ತರಿಸುವ, ನಕಲಿಸುವ, ಅಂಟಿಸುವ ಕ್ರಮವನ್ನು ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಎಪ್ಪತ್ತರ ದಶಕದ ನಡುವಿನಲ್ಲಿ ಝೆರಾಕ್ಸ್ ಸಂಶೋಧನಾಲಯದಲ್ಲಿ ರೂಪಿಸಿದರು. ಯಂತ್ರ ಮೊಂಡು ಹಿಡಿದಾಗ ಎಲ್ಲರೂ ಒತ್ತುವ ಕಂಟ್ರೋಲ್-ಆಲ್ಟ್-ಡಿಲೀಟ್ ಐ.ಬಿ.ಎಂ.ನ ಡೇವಿಡ್ ಬ್ರಾಡ್ಲಿಯವರ ಕೈಗೆಲಸ. ಮೊದಲು ಅವರು ಆರಿಸಿಕೊಂಡ ಕೀಲಿಗಳು ಎಡಗೈಯೊಂದರಿಂದಲೇ ಒತ್ತಲಾಗುವಂತಿದ್ದವು. ತಿಳಿಯದೆ ಕೈತಾಗಿ ಕೆಲಸವೆಲ್ಲ ಅಳಿದೀತೆಂದು, ಎರಡು ಕೈ ಬೇಕಾಗುವಂತೆ ಡಿಲೀಟ್ ಕೀಲಿಯನ್ನು ಹೂಡಿದರು. ಹುಕುಂ ಹೊರಡಿಸುವವನು ಒಮ್ಮೆ ಯೋಚಿಸಲಿ ಎಂಬ ವಿವೇಕ ಅದರಲ್ಲಿದೆ.

ಆ ವಿವೇಕ ನಮಗೂ ಬೇಕು. ನನ್ನ ಸಹೋದ್ಯೋಗಿಯೊಬ್ಬರಿಗೆ ಯಾರೋ ದೂರವಾಣಿ ಮಾಡಿ, ನಿಮ್ಮ ಗಣಕ ಕೆಟ್ಟಿದೆ, ವಿಂಡೋಸ್ ಮತ್ತು ಆರ್ ಒತ್ತಿ ನಾವು ಹೇಳಿದ್ದನ್ನು ಬೆರಳಚ್ಚಿಸಿ ಎಂದರಂತೆ. ಅವರು ಬೆರಳಚ್ಚಿಸಿದ್ದು ನಾನು ಮೇಲೆ ಹೇಳಿದ ಘಟನೆಗಳ ದಿನಚರಿಯ ಹೆಸರನ್ನೇ. ಕೆಂಪು ಗುರುತುಗಳ ಸಾಲು ಕಂಡು ಹೌಹಾರಿದರು. ಆರೋಗ್ಯವಾಗಿರುವ ಯಂತ್ರದಲ್ಲಿಯೂ ಅಂಥ ಗುರುತುಗಳು ಇದ್ದೇ ಇರುತ್ತವೆ. ಮೋಸಗಾರರಿಗೆ ಬೇಕಾದದ್ದು ಆ ಅಂಜಿಕೆ. ಅಷ್ಟರಲ್ಲಿ ಮನೆಯವರು ಬಂದು ಫೋನು ಇಡಿಸಿದ್ದರಿಂದ ದುಡ್ಡು ಉಳಿಯಿತು. ತನಗೆ ಅರ್ಥವಾಗದ ಮಾತನ್ನು ಪರರು ಹೇಳಿಕೊಟ್ಟಂತೆ ಬೆರಳಚ್ಚಿಸುವವನು ಹುಕುಂ ಕೊಡುವವನಲ್ಲ, ಪಾಲಿಸುವವನು.

ಹಲವು ಕೀಲಿಗಳನ್ನು ಒಟ್ಟಿಗೆ ಒತ್ತುವ ಕಲೆಯನ್ನು ಗಣಕದವರು ಕಂಡುಹಿಡಿದರೆಂದು ನಾನು ತಿಳಿದಿದ್ದೆ. ಹುಡುಗ ತಿದ್ದಿದ. ಅವನ ಶಾಲೆಯಲ್ಲಿ ಬ್ರೈಲ್ ಬರೆಯುವ ಯಂತ್ರವಿತ್ತಂತೆ. ಅದರಲ್ಲಿ ಆರು ಚುಕ್ಕೆಗಳಿಗೆ ಆರೇ ಕೀಲಿ, ನಡುವೆ ತೆರಪಿನದೊಂದು. ಯಾವ ಅಕ್ಷರಕ್ಕೆ ಯಾವ ಚುಕ್ಕೆಗಳೋ ಆ ಕೀಲಿಗಳನ್ನೆಲ್ಲ ಏಕಕಾಲಕ್ಕೆ ಒತ್ತಬೇಕು. 'ಕ' ಬರೆಯಲು ಒಂದು ಮತ್ತು ಮೂರು. ಅಮೆರಿಕದ ಫ್ರಾಂಕ್ ಹಾಲ್ ಎಂಬ ಅಂಧರ ಶಾಲೆಯ ಮೇಲ್ವಿಚಾರಕರು 1892ರಲ್ಲಿಯೇ ಇಂಥ ಯಂತ್ರವನ್ನು ಮಾಡಿದ್ದರು. ಇಂದಿಗೂ ಬಳಕೆಯಲ್ಲಿರುವ ಪರ್ಕಿನ್ಸ್ ಯಂತ್ರ 1951ರದು. ಭಾರತೀಯ ಭಾಷೆಗಳಿಗೆಲ್ಲ ಒಂದೇ ಬ್ರೈಲ್ ಗೊತ್ತಾದದ್ದೂ ಅದೇ 1951ರಲ್ಲಿ. ಅಂದರೆ, ಕಣ್ಣುಳ್ಳವರು ಮೊನ್ನೆ ಮೊನ್ನೆ ಕಲಿತದ್ದನ್ನು ಕಣ್ಣಿಲ್ಲದವರು ನಮ್ಮ ಮುತ್ತಜ್ಜಂದಿರ ಕಾಲದಿಂದ ಬಲ್ಲರು. ಆ ಹುಡುಗನ ಪೆನ್ ಡ್ರೈವಿನಲ್ಲಿದ್ದ ಪರದೆಯೋದುಗ, ಎನ್.ವಿ.ಡಿ.ಎ., ಮೈಕೇಲ್ ಕರನ್ ಎಂಬ ಆಸ್ಟ್ರೇಲಿಯದ ತರುಣ 2006ರಲ್ಲಿ ಆರಂಭಿಸಿದ್ದು. ಅವರೂ, ಅವರೊಡನೆ ದುಡಿದ ಜೇಮ್ಸ್ ಟೆಹ್ ಅವರೂ ಕಣ್ಣು ಕಾಣದವರು. ತಮ್ಮಂಥವರಿಗೆಂದು ಅದನ್ನು ಬೆಲೆಯಿಲ್ಲದೆ ಹಂಚಿದರು. ಅದರೊಳಗಿನ ಈಸ್ಪೀಕ್ ಎಂಬ ಧ್ವನಿಗೆ ಕನ್ನಡವೂ ಬರುತ್ತದೆ. ಉಚ್ಚಾರಣೆ ಯಂತ್ರದ್ದೇ, ಆದರೂ ತಿಳಿಯುವಂಥದ್ದು.

ಈಗ ಆ ಭಾನುವಾರದ ಉಳಿದ ಸಂಗತಿ. ತಂತಿಯ ವಿಷಯ ಮುಗಿದ ಮೇಲೆ, ನನಗೆ ಉತ್ಸಾಹ ಬಂದು, ವರ್ಷಗಳಿಂದ ಕೂಡಿಸಿಟ್ಟ ನನ್ನ ಪಾಠದ ಟಿಪ್ಪಣಿಗಳನ್ನು ತೆರೆದೆ. ಹಳಗನ್ನಡ, ಕವಿರಾಜಮಾರ್ಗ, ನಮ್ಮ ಜಿಲ್ಲೆಯ ಮಳಖೇಡ, ವಚನಕಾರರು: ಆರುನೂರು ಪುಟಗಳ ಸಾಮಗ್ರಿ. "ಇದನ್ನ ಓದಸಪಾ, ನಿನಗೂ ಪರೀಕ್ಷೆಗೆ ಆಗ್ತದ" ಎಂದೆ. ಹುಡುಗ ಕೀಲಿಯೊತ್ತಿದ. ಯಂತ್ರ 'ಪಿ' ಎಂದಿತು, ಏನೋ ಪರದೇಶಿ ಸ್ವರ ನುಡಿಯಿತು, 'ಪೌಂಡ್' ಎಂದಿತು, 'ಕ್ಯೂ' ಎಂದಿತು. ಹುಡುಗ ಸ್ವಲ್ಪ ಹೊತ್ತು ಕೇಳಿ, "ಇದು ನುಡಿ ಫಾಂಟ್ ಅದರಿ ಸರ. ನನಗ ನಡಿಯಂಗಿಲ್ಲ" ಎಂದ. ಪರದೆಯ ಮೇಲೆ ಮುದ್ದಾದ ಅಕ್ಷರಗಳಲ್ಲಿ 'ಕನ್ನಡ' ಎಂದಿತ್ತು.

ಇದರ ಕಾರಣವನ್ನು ತಿಳಿಯಬೇಕಾದರೆ ಕನ್ನಡದ ಕೀಲಿಮಣೆಯ ಚರಿತ್ರೆಗೆ ಬರಬೇಕು. ಬೆರಳಚ್ಚು ಯಂತ್ರಕ್ಕೆ ಕನ್ನಡದ ಕೀಲಿವಿನ್ಯಾಸವನ್ನು ಅನಂತಸುಬ್ಬರಾಯರು ಕಟ್ಟಿಕೊಟ್ಟರು. ಅಲ್ಲಿ ಅಕ್ಷರದ ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ರೂಪ ತರಬೇಕು. ಗಣಕಕ್ಕೆ ಬಂದಾಗ ಕಿನ್ನಿಕಂಬಳ ಪದ್ಮನಾಭರಾಯರು, ಎಲ್ಲರೂ ಕೆ.ಪಿ. ರಾವ್ ಎಂದು ಕರೆಯುವವರು, ಅಕ್ಷರದ ರೂಪವನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿದರು. ಇಂಗ್ಲಿಷಿನ ಕೆ ಒತ್ತಿದರೆ ಕ. ದೊಡ್ಡ ಕೆ ಒತ್ತಿದರೆ ಖ. ಎರಡು ವ್ಯಂಜನಗಳನ್ನು ಕೂಡಿಸಲು ನಡುವೆ ಎಫ್. ಒತ್ತಕ್ಷರದ ರೂಪವನ್ನು ಯಂತ್ರವೇ ನೋಡಿಕೊಳ್ಳಲಿ, ಬರೆಯುವವನಿಗೆ ವರ್ಣಮಾಲೆಯ ತರ್ಕ ಸಾಕು. ಇದೇ ಮುಂದೆ ಸರಕಾರದ ಮನ್ನಣೆ ಪಡೆದು, ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಮೂಲಕ ಕಚೇರಿ ಕಚೇರಿಗೆ ಹೋಯಿತು. ಸ್ಕ್ರೋಲ್ ಲಾಕ್ ಎಂಬ ಯಾರೂ ಮುಟ್ಟದ ಕೀಲಿಗೆ ನುಡಿಯಿಂದ ಕೆಲಸ ಸಿಕ್ಕಿತು. ಒಮ್ಮೆ ಒತ್ತಿದರೆ ಕನ್ನಡ, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂದು ಹೊರನಾಡಿನ ಕನ್ನಡಿಗರ ಮನೆಗಳನ್ನೂ ಮುಟ್ಟಿತು. ಈ ಎರಡರ ಉಪಕಾರವನ್ನು ಮರೆಯುವವನು ಕೃತಘ್ನ.

ಆದರೆ ಅಂದಿನ ವಿಂಡೋಸಿಗೆ ಕನ್ನಡವೆಂಬ ಭಾಷೆಯೊಂದುಂಟೆಂದು ಗೊತ್ತಿರಲಿಲ್ಲ. ಹಾಗಾಗಿ ಅಕ್ಷರ ಮಾಡುವವರು ಒಂದು ಉಪಾಯ ಹೂಡಿದರು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ಮೇಲೆ ಕಾಣುವುದು ಕನ್ನಡ. ಒಳಗೆ ಇರುವುದು ಪರರ ಅಕ್ಷರ. ನುಡಿಯ ಹಳೆಯ ಅಕ್ಷರಗಳಲ್ಲಿ 'ಕನ್ನಡ' ಎಂದು ಬರೆದರೆ ಯಂತ್ರದ ಲೆಕ್ಕದಲ್ಲಿ ಅಲ್ಲಿ ಒಂದು ಪಿ, ನಡುವೆ ಬ್ರಿಟಿಷರ ಪೌಂಡ್ ನಾಣ್ಯದ ಗುರುತು, ಜರ್ಮನರ ಒಂದು ವ್ಯಂಜನ, ಕೊನೆಗೊಂದು ಕ್ಯೂ, ಒಂದೊಂದರ ಬೆನ್ನಿಗೆ ಗೀಟು ಹೊತ್ತ ಎ. ಕಣ್ಣಿಗೆ ಈ ವೇಷ ಸಾಕು. ಕಿವಿಗೆ ಸಾಲದು. 1991ರ ಅಕ್ಟೋಬರಿನಲ್ಲಿ ಹೊರಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳ ಸ್ವಂತ ಬೀದಿ ಸಿಕ್ಕಿತ್ತು. ಆದರೆ ವಿಂಡೋಸ್ ಎಕ್ಸ್‌ಪಿ 2001ರಲ್ಲಿ 'ತುಂಗಾ' ಎಂಬ ಅಕ್ಷರರೂಪವನ್ನು ತಂದು ಕೊಡುವವರೆಗೆ ನಮ್ಮಂಥವರಿಗೆ ಆ ಬೀದಿ ಕಾಣಲಿಲ್ಲ. ಆಗಲೂ ಸುಲಭವಿರಲಿಲ್ಲ. ನಾನು ಎಂ.ಎ. ಓದುತ್ತಿದ್ದಾಗ ಕಲಬುರಗಿಯ ಒಂದು ಇಂಟರ್‌ನೆಟ್ ಅಂಗಡಿಯಲ್ಲಿ ಕನ್ನಡ ಪುಟವನ್ನು ತೆರೆದರೆ ಬರೀ ಚೌಕಗಳ ಸಾಲು. ಅಂಗಡಿಯ ಹುಡುಗ ರನ್ ಕಿಟಕಿಯಲ್ಲಿ 'ಐ-ಎನ್-ಟಿ-ಎಲ್, ಚುಕ್ಕೆ, ಸಿ-ಪಿ-ಎಲ್' ಎಂದು ಬೆರಳಚ್ಚಿಸಿ, ಭಾಷೆಗಳ ಪಟ್ಟಿಯಲ್ಲಿ ಒಂದು ಗುರುತು ಹಾಕಿ, ಸಿ.ಡಿ. ತುರುಕಿ, ಯಂತ್ರವನ್ನು ಮತ್ತೆ ಎಬ್ಬಿಸಿದ. ಚೌಕಗಳಿದ್ದಲ್ಲಿ ಕನ್ನಡ ಬಂದಿತು. ಚುಕ್ಕೆ ಸೇರಿ ಎಂಟು ಅಕ್ಷರದ ಮಂತ್ರ! ಆಗ ಅದನ್ನು ಪವಾಡವೆಂದು ಕಂಡು ಬೆರಗಾಗಿ, ಮನೆಗೆ ಬಂದು ಮತ್ತೆ ಹಳೆಯ ಅಕ್ಷರದಲ್ಲಿಯೇ ಟಿಪ್ಪಣಿ ಬರೆದೆನಲ್ಲ, ಆ ತಪ್ಪು ನನ್ನದು. ರೂಢಿಯ ಸೋಮಾರಿತನವೆನ್ನದೆ ಬೇರೇನೂ ಹೇಳಲಾರೆ.

ಅಪ್ಪಣೆಯ ಮಾತುಗಳೇ ಕನ್ನಡದಲ್ಲಿರಬೇಕೆಂದು ವಾದಿಸುವ ಮಿತ್ರರಿದ್ದಾರೆ. ವ್ಯಾಕರಣದ ದೃಷ್ಟಿಯಿಂದ ನಮ್ಮ ಭಾಷೆ ಅದಕ್ಕೆ ಹೇಳಿ ಮಾಡಿಸಿದಂತಿದೆ. ಕನ್ನಡದಲ್ಲಿ ಧಾತುವೇ ವಿಧಿರೂಪ: ತೆರೆ, ಮುಚ್ಚು, ಉಳಿಸು, ಅಳಿಸು. ಸ್ವರ ಕೀಳದೆಯೇ ಎಂಟರೊಳಗೆ ಅಡಗುತ್ತವೆ. ಯಂತ್ರಕ್ಕೆ ಏಕವಚನವೋ ಬಹುವಚನವೋ ಎಂಬ ಚರ್ಚೆ ಮಾತ್ರ ಎದ್ದೇಳುತ್ತದೆ. ಕಲಬುರಗಿಯವರಾದರೆ 'ತೆರೀರಿ' ಎಂದು ಅದಕ್ಕೂ ಮರ್ಯಾದೆ ಕೊಡುತ್ತೇವೆ. ನನಗೆ ಆ ವಾದದಲ್ಲಿ ಆಸಕ್ತಿಯಿದೆ, ಆತುರವಿಲ್ಲ. ಹುಡುಗ ಎಂ-ಜಿ-ಎಂ-ಟಿಯನ್ನು ಕಲಿತ, ಕಷ್ಟವೇನೂ ಆಗಲಿಲ್ಲ. ಅವನ ದಾರಿಗೆ ಅಡ್ಡವಾದದ್ದು ಇಂಗ್ಲಿಷ್ ಅಪ್ಪಣೆಯಲ್ಲ, ಕನ್ನಡದ ಮೇಷ್ಟರು ಬರೆದ ಕನ್ನಡ.

ಹಳೆಯ ಅಕ್ಷರಗಳನ್ನು ಯುನಿಕೋಡಿಗೆ ತಿರುಗಿಸುವ ಸಾಧನಗಳಿವೆ. ಒಂದನ್ನು ತಂದು ಆರುನೂರು ಪುಟಗಳನ್ನು ತಿರುಗಿಸಿದೆವು. ಕೆಲಸ ಮುಗಿಯಿತೆಂದುಕೊಂಡರೆ ಅರ್ಕಾವತ್ತು ಕಾಡಿತು. ಹಳೆಯ ಪದ್ಧತಿಯಲ್ಲಿ, ಕಣ್ಣಿಗೆ ಕಾಣುವ ಕ್ರಮದಲ್ಲಿಯೇ, ಅರ್ಕಾವತ್ತನ್ನು ಅಕ್ಷರದ ಆಮೇಲೆ ಇಡುತ್ತಿದ್ದರು. ಯುನಿಕೋಡಿನಲ್ಲಿ, ಬಾಯಿಂದ ಹೊರಡುವ ಕ್ರಮದಲ್ಲಿ, ರಕಾರ ಮೊದಲು ಬರಬೇಕು. ತಿರುಗಿಸುವಾಗ ಕೆಲವೆಡೆ ಅದು ಸರಿದು ಕೂತಿತು, ಕೆಲವೆಡೆ ಅನಾಥವಾಗಿ ಹಿಂದೆ ಉಳಿಯಿತು. ಓದಿ ನೋಡಿದ ನನ್ನ ಕಣ್ಣಿಗೆ ಹತ್ತರಲ್ಲಿ ಆರು ತಪ್ಪು ಬೀಳಲಿಲ್ಲ; ಕಣ್ಣು ತಾನೇ ತಿದ್ದಿಕೊಂಡು ಓದಿಬಿಡುತ್ತದೆ. ಹುಡುಗನ ಕಿವಿ ಒಂದನ್ನೂ ಬಿಡಲಿಲ್ಲ. "ಮಾರ್ಗ ಅನ್ನೋದು ಸರಿ ಕೇಳವಲ್ದರಿ ಸರ, ನೋಡ್ರಿ" ಎಂದು ನಿಲ್ಲಿಸುತ್ತಾನೆ, ನಾನು ಅಲ್ಲಿ ಬಗ್ಗಿ ನೋಡುತ್ತೇನೆ, ಹೌದು, ತಪ್ಪಿದೆ.

ಅಂದಿನಿಂದ ಭಾನುವಾರಗಳು ಹೀಗೆಯೇ ಕಳೆಯುತ್ತಿವೆ. ಅವನು ಬಿ.ಎ. ಮುಗಿಸಿ ಎಂ.ಎ.ಗೆ ಸೇರಿದ್ದಾನೆ, ಕನ್ನಡವನ್ನೇ ತೆಗೆದುಕೊಂಡಿದ್ದಾನೆ. ಹೊಸ ಮೌಸ್ ತಂದಿದ್ದೇನೆ, ಅದು ಮೇಜಿನ ಒಂದು ಬದಿಗೆ ಇರುತ್ತದೆ. ಕವಿರಾಜಮಾರ್ಗದ ಭಾಗ ಮುಗಿದು, ಮಳಖೇಡವನ್ನು ದಾಟಿ, ವಚನಕಾರರಿಗೆ ಬಂದಿದ್ದೇವೆ. ಇನ್ನೂ ನೂರಾ ನಲವತ್ತು ಪುಟಗಳಿವೆ.